ಕೆತ್ತಿ ತೆಗೆದ ಮುಖ

“ಮುಖ ಹೇಗಿದೆಯೋ ಹಾಗೇ ಬರೀರಿ. ಒಡೆದಿದ್ದನ್ನ ತುಂಬೋಕೆ ಹೋಗ್ಬೇಡಿ,” ಎಂದರು ಮೇಡಂ.

ಆನ್‌ಲೈನ್ ಕಾಲೇಜಿನಲ್ಲಿ ಪ್ರಾಚೀನ ಈಜಿಪ್ಟ್ ಕಲೆಯ ತರಗತಿ ನಡೆಯುತ್ತಿತ್ತು. ಪರದೆಯ ಮೇಲೆ ಒಂದು ಗೋರಿಯ ಒಳಗೋಡೆ. ಅದರ ಮೇಲೆ ಒಬ್ಬ ಗಂಡಸು ಪಕ್ಕಕ್ಕೆ ತಿರುಗಿ ನಿಂತಿದ್ದ. ಅವನೆದುರಿನ ಮೇಜಿನ ತುಂಬ ರೊಟ್ಟಿಗಳ ರಾಶಿ, ದ್ರಾಕ್ಷಿಯ ಗೊಂಚಲು, ಕುತ್ತಿಗೆ ಜೋತುಬಿದ್ದ ಬಾತುಕೋಳಿ. ಅವನ ಬಿಳಿಯ ಬಟ್ಟೆ, ಕೆಂಪು ಮೈ, ಕೊರಳಿನ ಹಾರ, ಎಲ್ಲವೂ ನಿನ್ನೆ ಬಳಿದಿಟ್ಟಷ್ಟು ಹೊಸದಾಗಿದ್ದವು. ಮುಖ ಮಾತ್ರ ಇರಲಿಲ್ಲ. ಯಾರೋ ಉಳಿ ಹಿಡಿದು ಕಣ್ಣು, ಮೂಗು, ಬಾಯಿಗಳನ್ನು ಹುಡುಕಿ ಹುಡುಕಿ ಕೆತ್ತಿ ತೆಗೆದಿದ್ದರು.

“ಇದು ತಾನಾಗಿ ಉದುರಿದ ಗಾರೆ ಅಲ್ಲ. ಬರೆದ ಚಿತ್ರಕ್ಕೂ ಜೀವ ಇರುತ್ತೆ ಅಂತ ಆ ಜನ ನಂಬಿದ್ರು. ಕಣ್ಣು ಹೋದ್ರೆ ಅವನು ನೋಡೋ ಹಾಗಿಲ್ಲ, ಮೂಗು ಹೋದ್ರೆ ಉಸಿರಾಡೋ ಹಾಗಿಲ್ಲ, ಬಾಯಿ ಹೋದ್ರೆ ಎದುರಿಗಿರೋದನ್ನ ತಿನ್ನೋ ಹಾಗಿಲ್ಲ. ಅವನಿಗೆ ಹೆದರಿದವರು ಯಾರೋ ಅವನನ್ನ ಹೀಗೆ ಕಟ್ಟಿಹಾಕಿದಾರೆ. ಆ ಕಟ್ಟು ಬಿಚ್ಚೋದು ನಮ್ಮ ಕೆಲಸ ಅಲ್ಲ.”

ಆಗ ಮೈಕು ಆನ್ ಮಾಡಿದವಳು ಟಚಪ್ಪಕ್ಕ. “ಪಾಪ ಮೇಡಂ, ಅಷ್ಟು ಊಟ ಎದುರಿಗಿಟ್ಕೊಂಡು ಉಪವಾಸ ನಿಂತಿದಾನೆ. ಒಂದು ಬಾಯಿ ಕೊಟ್ರೆ ನಮಗೂ ಪುಣ್ಯ ಬರುತ್ತೆ!”

ಪರದೆಯ ಚೌಕಗಳಲ್ಲಿದ್ದ ಮುಖಗಳೆಲ್ಲ ನಕ್ಕವು. ಮೇಡಂ ನಗಲಿಲ್ಲ. “ಹೋದ ವರ್ಷ ಒಬ್ಬ ಹುಡುಗ ಹೀಗೇ ನಕ್ಕಿದ್ದ,” ಎಂದು ಮುಂದಿನ ಚಿತ್ರಕ್ಕೆ ಹೋಗಿಬಿಟ್ಟರು.

ಟಚಪ್ಪಕ್ಕ, ಅಂದರೆ ಟಚಪ್ ಮಾಡುವ ಅಕ್ಕ, ಅನ್ನುವುದು ಫೋಟೋ ಸ್ಟುಡಿಯೋದವರು ಇಟ್ಟ ಹೆಸರು. ಹರಿದ, ಹುಳು ತಿಂದ, ನೀರು ಕುಡಿದ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡಿ ಕೊಡುವುದು ಅವಳ ಕೆಲಸ. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸತ್ತ ಅಪ್ಪನ ಫೋಟೋದಲ್ಲಿ ಮೂಗಿನ ಜಾಗವೇ ಹರಿದುಹೋಗಿದೆ ಎಂದು ಯಾರಾದರೂ ಕಣ್ಣೀರಿಟ್ಟರೆ ಇವಳು ಕೇಳುತ್ತಿದ್ದುದು ಒಂದೇ ಮಾತು: “ಮಕ್ಕಳಲ್ಲಿ ಯಾರಿಗೆ ಅವರದೇ ಮೂಗು ಬಂದಿದೆ?” ಆ ಮಗನನ್ನೋ ಮಗಳನ್ನೋ ಕೂರಿಸಿ ಫೋಟೋ ತೆಗೆದು, ಮೂಗನ್ನಷ್ಟೇ ಎತ್ತಿ ಅಪ್ಪನಿಗೆ ಅಂಟಿಸುತ್ತಿದ್ದಳು. ಇದಕ್ಕೆ ಅವಳು ಎರವಲು ಅನ್ನುತ್ತಿದ್ದಳು. ಎಷ್ಟೋ ಮನೆಗಳ ಗೋಡೆಯ ಮೇಲಿನ ಹಿರಿಯರು ಮಕ್ಕಳ ಕಣ್ಣು ಮೂಗುಗಳನ್ನು ಎರವಲು ಪಡೆದು ಇವತ್ತಿಗೂ ಗಂಭೀರವಾಗಿ ನೋಡುತ್ತಿದ್ದಾರೆ.

ಈಗ ಸ್ಟುಡಿಯೋ ಮುಚ್ಚುವ ಹಂತಕ್ಕೆ ಬಂದಿತ್ತು. ಈ ಕೋರ್ಸು ಮುಗಿಸಿದರೆ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಗಬಹುದೆಂಬ ಆಸೆ ಅವಳದು. ಲಿಫ್ಟ್ ರಿಪೇರಿ ಮಾಡುವ ಗಂಡ ಮಾತ್ರ ಮೂಗು ಮುರಿದಿದ್ದ. “ನಾಲ್ಕು ಸಾವಿರ ವರ್ಷದ ಗೋಡೆ ಆಮೇಲೆ ನೋಡುವಿಯಂತೆ. ಮೊದಲು ನಮ್ಮ ಬಚ್ಚಲುಮನೆ ಗೋಡೆಗೆ ಏನಾದ್ರೂ ಮಾಡು ತಾಯಿ.”

ಮೇಡಂ ಹೇಳಿದ ಹಾಗೆಯೇ ಆ ಚಿತ್ರದ ನಕಲು ಬರೆದು ಮುಗಿಸಬೇಕೆಂದು ಅವಳು ಶುರು ಮಾಡಿದ್ದು ನಿಜ. ಕಂಪ್ಯೂಟರಿನಲ್ಲೇ ಚೌಕಗಳ ಜಾಲ ಹಾಕಿ, ಅಳತೆ ಹಿಡಿದು, ಒಡಕುಗಳನ್ನೂ ಬಿಡದೆ ಬರೆದಳು. ಆದರೆ ಮುಖದ ಹತ್ತಿರ ಬಂದಾಗಲೆಲ್ಲ ಕೈ ಕಡಿಯುತ್ತಿತ್ತು. ಇಷ್ಟು ವರ್ಷ ತುಂಬಿಯೇ ಅಭ್ಯಾಸವಾದ ಕೈ ಅದು. ಖಾಲಿ ಜಾಗವನ್ನು ಹಾಗೇ ಬಿಡುವುದೆಂದರೆ ಅರ್ಧ ಕೆಲಸ ಮಾಡಿ ಎದ್ದು ಬಂದಂತೆ. ಸುಮ್ಮನೆ ಒಮ್ಮೆ ತುಂಬಿ ನೋಡೋಣ, ಆಮೇಲೆ ತೆಗೆದರಾಯಿತು ಎಂದುಕೊಂಡಳು.

ಎರವಲಿಗೆ ದೂರ ಹೋಗಬೇಕಿರಲಿಲ್ಲ. ಮಗಳು ಚುಕ್ಕಿಯ ಫೋಟೋಗಳು ಕಂಪ್ಯೂಟರಿನ ತುಂಬ ಇದ್ದವು. ಈಜಿಪ್ಟಿನವರ ಪದ್ಧತಿಯೇ ವಿಚಿತ್ರ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಎದುರಿನಿಂದ ನೋಡಿದ ಹಾಗೆ, ಒಂದೇ ಒಂದು. ಹಾಗಾಗಿ ಚುಕ್ಕಿ ನೇರವಾಗಿ ನೋಡುತ್ತಿದ್ದ ಫೋಟೋದಿಂದ ಬಲಗಣ್ಣನ್ನು ಎತ್ತಿದಳು. ಪಕ್ಕಕ್ಕೆ ತಿರುಗಿದ್ದ ಫೋಟೋದಿಂದ ಮೂಗು, ಬಾಯಿ. ಪ್ರತಿಯೊಂದಕ್ಕೂ ಒಂದೊಂದು ಪದರ, ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ. ಬೇಕಾದಾಗ ತೋರಿಸಬಹುದು, ಬೇಡವಾದಾಗ ಮರೆಮಾಡಬಹುದು.

ಬಣ್ಣ ಸರಿಯಾಗಿ ಕಾಣಲೆಂದು ಅವಳು ಹಗಲಲ್ಲೂ ಕೋಣೆಯ ಪರದೆ ಎಳೆದು ಕತ್ತಲು ಮಾಡಿಕೊಳ್ಳುತ್ತಿದ್ದಳು. ಆ ಕತ್ತಲಲ್ಲಿ, ತುಟಿಯ ಅಂಚನ್ನು ಗೋಡೆಯ ಬಣ್ಣಕ್ಕೆ ಬೆರೆಸಿ ಮುಗಿಸಿದ ಕ್ಷಣ, ಏನೋ ವಾಸನೆ ಬಂತು. ಬಹುಕಾಲ ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ. ಒಣಧೂಳು, ಹಳೆಯ ಅಂಟು, ಅದರಡಿಯಲ್ಲಿ ಸಿಹಿಸಿಹಿಯಾದ ಕೊಳೆತದ್ದೇನೋ. ಆಮೇಲೆ ಒಂದು ಶಬ್ದ. ನೀರಲ್ಲಿ ಮುಳುಗಿದ್ದವರು ಮೇಲೆ ಬಂದು ಎಳೆದುಕೊಳ್ಳುವಂಥ ದೀರ್ಘ ಉಸಿರು.

ಕಂಪ್ಯೂಟರಿನ ಫ್ಯಾನು ಕೆಟ್ಟಿರಬೇಕೆಂದು ಅದಕ್ಕೊಂದು ಏಟು ಕೊಟ್ಟು ಎದ್ದಳು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕಿ ಸೀದು ಅಡುಗೆಮನೆಯೆಲ್ಲ ಹೊಗೆ. ಅಲ್ಲೇ ಕೂತು ಶಾಲೆಯ ಲೆಕ್ಕ ಬರೆಯುತ್ತಿದ್ದ ಚುಕ್ಕಿಗೆ ಗೊತ್ತೇ ಆಗಿರಲಿಲ್ಲ.

“ಮೂಗು ಎಲ್ಲಿಟ್ಟಿದ್ದೆ?” ಎಂದು ಗದರಿದಳು ತಾಯಿ.

“ಏನೂ ವಾಸ್ನೆ ಬರ್ತಿಲ್ಲಮ್ಮ. ಮೂಗಲ್ಲಿ ಉಸಿರೂ ಬರ್ತಿಲ್ಲ.”

ನೆಗಡಿ ಇರಬೇಕೆಂದು ಸುಮ್ಮನಾದರು. ಆದರೆ ನೆಗಡಿಗೆ ಬಾಗಿಲ ಚೌಕಟ್ಟಿಗೆ ಬಲ ಭುಜ ಹೊಡೆದುಕೊಳ್ಳುವವರುಂಟೇ? ಚುಕ್ಕಿ ಮತ್ತೆ ಮತ್ತೆ ಹೊಡೆದುಕೊಂಡಳು. ಬಲಗಡೆ ಯಾರೋ ಬಟ್ಟೆ ಕಟ್ಟಿದ ಹಾಗಿದೆ ಎಂದಳು. ದನಿ ದಿನದಿಂದ ದಿನಕ್ಕೆ ತೆಳುವಾಗಿ ಪಿಸುಮಾತಿಗೆ ಇಳಿಯಿತು. ಡಾಕ್ಟರು ಟಾರ್ಚು ಹಾಕಿ ಕಣ್ಣು, ಮೂಗು, ಗಂಟಲು ಎಲ್ಲ ನೋಡಿದರು. ಎಲ್ಲವೂ ಸರಿಯಾಗಿದೆ ಎಂದರು. ಎಲ್ಲವೂ ಸರಿಯಾಗಿದ್ದ ಹುಡುಗಿ ಬಾಯಿ ಬಿಟ್ಟುಕೊಂಡು ಏದುಸಿರು ಬಿಡುತ್ತಿದ್ದಳು.

ಕಣ್ಣು, ಮೂಗು, ಬಾಯಿ. ಬಸ್ಸಿನಲ್ಲಿ ಮನೆಗೆ ಮರಳುವಾಗ ಆ ಮೂರು ಮಾತು ತಾಯಿಯ ತಲೆಯಲ್ಲಿ ಒಟ್ಟಿಗೆ ಬಂದು ನಿಂತವು.

ಮನೆಗೆ ಬಂದವಳೇ ಚಿತ್ರ ತೆರೆದಳು. ಮೇಜಿನ ಮೇಲಿನ ರೊಟ್ಟಿಯ ರಾಶಿ ಅರ್ಧಕ್ಕೆ ಇಳಿದಿತ್ತು. ದ್ರಾಕ್ಷಿಯ ಗೊಂಚಲಿನಲ್ಲಿ ಬರೀ ಕಡ್ಡಿ. ಬಾತುಕೋಳಿ ಇರಲೇ ಇಲ್ಲ. ಅವೆಲ್ಲ ಅವಳೇ ಕೈಯಾರೆ ಬರೆದವು. ಚುಕ್ಕಿಯ ತುಟಿಗಳ ಮೇಲೆ, ಆ ಗಂಡಸಿನ ಮುಖದಲ್ಲಿದ್ದ ಚುಕ್ಕಿಯ ತುಟಿಗಳ ಮೇಲೆ, ಜಿಡ್ಡಿನ ಹೊಳಪಿತ್ತು.

ಮೇಡಂಗೆ ಫೋನು ಹಚ್ಚಿದಳು.

“ತುಂಬಿದ್ರಾ?” ಮೇಡಂ ಕೇಳಿದ್ದು ಅಷ್ಟೇ.

“ತುಂಬಿದೆ.”

“ಯಾರದ್ದು ಹಾಕಿದ್ರಿ?”

“ನನ್ನ ಮಗಳದ್ದು.”

“ಅಳಿಸ್ಬೇಡಿ. ಹೋದ ವರ್ಷ ನಕ್ಕಿದ್ದ ಆ ಹುಡುಗ ಅಳಿಸಿದ. ಅವನು ಹಾಕಿದ್ದು ಅವನ ತಮ್ಮನ ಕಣ್ಣು. ತಮ್ಮ ಈಗ ಒಂದೇ ಕಣ್ಣಲ್ಲಿ ಓಡಾಡ್ತಾನೆ.”

“ಹಾಗೇ ಬಿಟ್ರೆ?”

“ಬಿಟ್ರೆ ಆ ಗೋಡೆಯವನು ಪೂರ್ತಿ ತಗೋತಾನೆ ಅನ್ಸುತ್ತೆ. ಮಗೂನೂ ಉಳಿಸಲ್ಲ. ನಂಗೊತ್ತಿಲ್ಲಮ್ಮ.”

“ಹಾಗಿದ್ಮೇಲೆ ಆ ಹಾಳು ಚಿತ್ರ ಯಾಕೆ ಕೊಟ್ರಿ?”

“ಪಾಠದಲ್ಲಿದೆ. ತೆಗೆಯೋಕೆ ಕಾಲೇಜಿನವರು ಬಿಡಲ್ಲ. ಪ್ರತಿ ವರ್ಷ ಹೇಳ್ತೀನಿ. ಪ್ರತಿ ವರ್ಷ ನಗ್ತೀರಿ,” ಎಂದು ಅತ್ತರು ಮೇಡಂ.

ಟಚಪ್ಪಕ್ಕನಿಗೆ ತನ್ನ ನಗು ನೆನಪಾಗಿ ನಾಚಿಕೆಯಿಂದ ಮೈ ಹಿಡಿಯಾಯಿತು. ಅಳುತ್ತ ಕೂರಲು ಹೊತ್ತಿರಲಿಲ್ಲ. ಗಂಡ ಯಾವುದೋ ಕಟ್ಟಡದ ಲಿಫ್ಟಿನ ತಳದ ಗುಂಡಿಯಲ್ಲಿದ್ದ, ಫೋನು ಹತ್ತಲಿಲ್ಲ. ಚುಕ್ಕಿಯನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡಳು. ಅಳಿಸುವುದು ಬೇರೆ, ಮರೆಮಾಡುವುದು ಬೇರೆ ಎಂದು ಅವಳ ಕಸಬು ಅವಳಿಗೆ ಹೇಳಿಕೊಟ್ಟಿತ್ತು. ಉಸಿರು ಬಿಗಿಹಿಡಿದು ಕಣ್ಣಿನ ಪದರವನ್ನು ಮರೆಮಾಡಿದಳು.

ಚುಕ್ಕಿ ಚೀರಿದಳು. ದನಿಯಿಲ್ಲದ ಚೀರು ಅದು, ಬರೀ ಗಾಳಿ. ಬಲಗಣ್ಣನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, “ಕತ್ಲೆ, ಅಮ್ಮಾ, ಪೂರ್ತಿ ಕತ್ಲೆ,” ಎಂದಳು.

ತಕ್ಷಣ ಪದರವನ್ನು ತೋರಿಸಿದಳು. ಮಗುವಿನ ಕಣ್ಣಿಗೆ ಮಬ್ಬು ಬೆಳಕು ಮರಳಿತು. ಚಿತ್ರದೊಳಗಿನ ಕಣ್ಣು ಒಮ್ಮೆ ಮಿಟುಕಿತು.

ಹಾಗಾದರೆ ತೆಗೆಯುವಂತಿಲ್ಲ, ಬಿಡುವಂತಿಲ್ಲ. ಉಳಿದದ್ದು ಒಂದೇ ದಾರಿ, ಅದೂ ಅವಳ ಕಸಬಿನದೇ. ಎರವಲು ತಂದದ್ದನ್ನು ಬದಲಾಯಿಸಬಹುದು. ಮಗನ ಮೂಗು ಹೊಂದದಿದ್ದರೆ ಮಗಳದ್ದು ಹಾಕುವುದಿಲ್ಲವೇ?

ಫೋನನ್ನು ತನ್ನ ಕಡೆ ತಿರುಗಿಸಿ ನೇರವಾಗಿ ಒಂದು ಫೋಟೋ ತೆಗೆದುಕೊಂಡಳು. ಪಕ್ಕಕ್ಕೆ ತಿರುಗಿ ಇನ್ನೊಂದು. ಕೂದಲು ಕೆದರಿತ್ತು, ಕಣ್ಣು ಊದಿತ್ತು. ಪರವಾಗಿಲ್ಲ, ಇದೇನು ಮದುವೆ ಫೋಟೋ ಅಲ್ಲವಲ್ಲ. ತನ್ನ ಮೂಗನ್ನು ಎತ್ತಿ ಚುಕ್ಕಿಯ ಮೂಗಿನ ಮೇಲೆ ಕೂರಿಸಿದಳು. ಅಡಿಯಲ್ಲಿದ್ದ ಪದರವನ್ನು, ದೇವರನ್ನು ನೆನೆದು, ಮರೆಮಾಡಿದಳು.

ಚುಕ್ಕಿ ಮೂಗಿನ ತುಂಬ ಉಸಿರೆಳೆದುಕೊಂಡಳು. ಮರುಕ್ಷಣವೇ ಮುಖ ಕಿವುಚಿ, “ಥೂ, ಎಂಥ ಕೆಟ್ಟ ವಾಸ್ನೆ ಅಮ್ಮ ಇಲ್ಲಿ,” ಎಂದು ಪಿಸುಗುಟ್ಟಿದಳು.

ತಾಯಿಗೆ ಯಾವ ವಾಸನೆಯೂ ಇರಲಿಲ್ಲ. ಮೂಗು ಕಟ್ಟಿಕೊಂಡಿತ್ತು. ಅಳು, ನಗು ಎರಡೂ ಒಟ್ಟಿಗೆ ಬಂದವು. ಕಣ್ಣನ್ನು ಬದಲಾಯಿಸಿದಳು. ಬಾಯನ್ನು ಬದಲಾಯಿಸಿದಳು. ತನ್ನ ಬಲಗಡೆಯ ಗೋಡೆ, ಕಿಟಕಿ, ಕಪಾಟು ಎಲ್ಲ ಮಂಜಿನಲ್ಲಿ ಮುಳುಗಿದವು. ಪಕ್ಕದಲ್ಲಿ ಚುಕ್ಕಿ ಗಟ್ಟಿಯಾದ ಗಂಟಲಿನಲ್ಲಿ “ಅಮ್ಮಾ!” ಎಂದಳು. ಆ ಕೂಗು ಕೇಳಿ ಅವಳ ಜೀವ ತಂಪಾಯಿತು. ಮಗಳ ಮೂರೂ ಪದರಗಳನ್ನು ಅಳಿಸಿದಳು. ಚುಕ್ಕಿಗೆ ಏನೂ ಆಗಲಿಲ್ಲ.

ಆಗ ಚಿತ್ರ ಅಲುಗಿತು.

ಈಜಿಪ್ಟಿನ ಗೋಡೆಯ ಮನುಷ್ಯರು ಎಂದೂ ನಮ್ಮ ಕಡೆ ತಿರುಗುವುದಿಲ್ಲ. ಇವನು ತಿರುಗುತ್ತಿದ್ದ. ಬಹಳ ನಿಧಾನ, ಕೊರಳಿನ ಹಾರದ ಮಣಿಗಳು ಒಂದೊಂದಾಗಿ ಸರಿಯುವಷ್ಟು ನಿಧಾನ. ಮುಖದ ಆಚೆಯ ಬದಿ ಕಾಣತೊಡಗಿತು. ಅಲ್ಲಿ ಎರಡನೆಯ ಕಣ್ಣಿರಬೇಕಾದ ಕಡೆ ಉಳಿಯ ಗುರುತುಗಳಿದ್ದ ಗುಂಡಿ. ಗುಂಡಿಯೊಳಗೆ ಕತ್ತಲು. ಎದುರಿನ ಮೇಜು ಪೂರ್ತಿ ಖಾಲಿಯಾಗಿತ್ತು. ಅವನು ನೋಡುತ್ತಿದ್ದುದು ಅವಳನ್ನಲ್ಲ. ಅವಳ ಪಕ್ಕದ ಸ್ಟೂಲನ್ನು.

ತಂತಿ ಕಿತ್ತಳು. ಪರದೆ ಆರಲಿಲ್ಲ.

ಅಳಿಸಬೇಕು. ಈಗಲೇ.

“ಚುಕ್ಕಿ, ಕಣ್ಣು ಮುಚ್ಕೋ. ಗಟ್ಟಿಯಾಗಿ. ನಾನು ಹೇಳೋ ತನಕ ತೆಗೀಬಾರ್ದು.”

“ಯಾಕಮ್ಮ?”

“ಮುಚ್ಕೋ ಅಂದ್ನಲ್ಲ!”

ಚುಕ್ಕಿ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಳು. ತಾಯಿ ತನ್ನ ಕಣ್ಣಿನ ಪದರವನ್ನು ಅಳಿಸಿದಳು. ಅರ್ಧ ಪ್ರಪಂಚ ಹೋಯಿತು. ನೋವಿಲ್ಲ, ರಕ್ತವಿಲ್ಲ. ಬರೀ ಇಲ್ಲವಾಯಿತು. ಮೂಗನ್ನು ಅಳಿಸಿದಳು. ಗೋಡೆಯ ಮೇಲಿನವನು ಕುರುಡಾಗಿ ತಲೆಯನ್ನು ಅತ್ತ ಇತ್ತ ಆಡಿಸಿದ. ಅವಳದೇ ತುಟಿಗಳು ಅವನ ಮುಖದಲ್ಲಿ ಅಗಲವಾಗಿ ತೆರೆದವು. ಹಲ್ಲುಗಳನ್ನು ಅವಳು ಬರೆದಿರಲಿಲ್ಲ. ಆದರೂ ಹಲ್ಲುಗಳಿದ್ದವು.

ಉಳಿದದ್ದು ಬಾಯಿ. ಬೆರಳು ಅಳಿಸುವ ಗುಂಡಿಯ ಮೇಲೆ ನಿಂತಿತು. ಏನಾದರೂ ಹೇಳಬೇಕೆನಿಸಿತು. ಇನ್ನು ಮುಂದೆ ಹೇಳಲಾಗದ ಎಲ್ಲವನ್ನೂ, ಮಗಳ ಹೆಸರನ್ನಾದರೂ ಇನ್ನೊಮ್ಮೆ. ಪರದೆ ಒಳಗಿನಿಂದ ಉಬ್ಬುತ್ತಿತ್ತು. ಹೊತ್ತಿರಲಿಲ್ಲ.

ಒತ್ತಿದಳು.

ಪರದೆ ಆರಿತು. ಕೋಣೆಯೆಲ್ಲ ಕತ್ತಲು, ನಿಶ್ಶಬ್ದ. ಮುಗಿದಿತ್ತು. ಮಗು ಉಳಿದಿತ್ತು.

“ಅಮ್ಮಾ, ತೆಗೀಲಾ?”

ತಾಯಿ ಬಾಯಿ ತೆರೆದಳು. ಹೂಂ ಅನ್ನಲು ಹೋದಳು. ಏನೂ ಬರಲಿಲ್ಲ.

“ಅಮ್ಮಾ? ಇನ್ನೂ ಬೇಡ್ವಾ?”

ಹೇಳಿದ ಮಾತು ಮೀರದ ಮಗು. ಅಂಗೈಯನ್ನು ಕಣ್ಣಿಗೆ ಇನ್ನಷ್ಟು ಒತ್ತಿಕೊಂಡು ಕಾಯುತ್ತಿತ್ತು. ತಾಯಿ ಕತ್ತಲಲ್ಲಿ ತಡವರಿಸಿ ಕೈ ಚಾಚಿ ಮಗಳ ಕೆನ್ನೆ ಸವರಿದಳು.

ಚುಕ್ಕಿ ಬೆಚ್ಚಿಬಿದ್ದು ಹಿಂದಕ್ಕೆ ಸರಿದಳು. ಮೂಗರಳಿಸಿ ಒಮ್ಮೆ ಉಸಿರೆಳೆದಳು. ಆ ಕೈಗೆ ಏನು ವಾಸನೆ ಹತ್ತಿದೆಯೆಂದು ತಾಯಿಗೆ ತಿಳಿಯುವಂತಿರಲಿಲ್ಲ.

“ಅಮ್ಮಾ, ಎಲ್ಲಿದೀಯಾ?” ಎಂದು ಅತ್ತಳು ಚುಕ್ಕಿ, ಕಣ್ಣು ತೆರೆಯದೆ. “ಬೇಗ ಬಾ ಅಮ್ಮ. ಅದು ಹೊರಗೆ ಬಂದಿದೆ. ನನ್ನ ಮುಟ್ತಿದೆ.”