ಮೊದಲು ಊದುವವರು

ಮೇಲ್ವಿಚಾರಕನ ಕುರ್ಚಿ ಫ್ಲಾಸ್ಕ್ ಅಣ್ಣನಿಗೆ ಎಂಬ ಸುದ್ದಿ ಕೇಳಿದ ದಿನದಿಂದ ಮೇಷ್ಟ್ರ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ, ಗೋದಾಮಿನ ಗುಮಾಸ್ತರು. ಕುಡಿದು ಕೆಲಸಕ್ಕೆ ಬರಬಾರದೆಂಬ ಹತ್ತು ನಿಯಮಗಳನ್ನು ಬರೆದು, ಗೋಡೆಗೆ ಅಂಟಿಸಿ, ಆ ಹೆಸರು ಗಳಿಸಿದ್ದರು. ಫೋರ್ಕ್‌ಲಿಫ್ಟ್ ಓಡಿಸುವ ಆ ಮನುಷ್ಯ ಗಳಿಸಿದ್ದೇನು? ಹೆಗಲಿಗೊಂದು ಕಾಫಿ ಫ್ಲಾಸ್ಕ್, ಮುಖದ ತುಂಬ ನಗು.

ಪಾಪ, ಮೇಷ್ಟ್ರಿಗೆ ಹೊಟ್ಟೆಯುರಿ. ಅವರು ಅದನ್ನು ನ್ಯಾಯದ ಪ್ರಶ್ನೆ ಎಂದುಕೊಂಡರು.

ನಾಲ್ಕನೇ ನಿಯಮದ ಪ್ರಕಾರ, ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಗೆ ಮೂರು ವರ್ಷ ಬಡ್ತಿಯಿಲ್ಲ. ಏಳನೆಯದರ ಪ್ರಕಾರ, ದೂರು ಕೊಟ್ಟವರೇ ಮೊದಲು ಯಂತ್ರಕ್ಕೆ ಊದಬೇಕು. ಅವರು ಸಿಕ್ಕಿಬಿದ್ದರೆ ದೂರು ರದ್ದು. ಇದಕ್ಕೆ ಸಭೆಯಲ್ಲಿ ಚಪ್ಪಾಳೆಯೂ ಬಿದ್ದಿತ್ತು. ಊದಲು ಮೇಷ್ಟ್ರಿಗೇನು ಭಯ? ಜನ್ಮದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಈಗ ಮೊದಲ ಸಲ ರಮ್ಮಿನ ಬಾಟಲಿ ಕೊಳ್ಳಲು, ಗುರುತು ಸಿಗದಂತೆ ಟೋಪಿ ಹಾಕಿಕೊಂಡು ಊರಿನ ಇನ್ನೊಂದು ತುದಿಗೆ ಹೋಗಿದ್ದರು.

ದಿನಾ ಬೆಳಿಗ್ಗೆ ಒಂಬತ್ತೂ ಮುಕ್ಕಾಲರಿಂದ ಹತ್ತರವರೆಗೆ ಫ್ಲಾಸ್ಕ್ ಅಣ್ಣ ಗಾಡಿಯ ಬ್ರೇಕು ಪರೀಕ್ಷಿಸುತ್ತಾನೆ. ಫ್ಲಾಸ್ಕು ಗುಮಾಸ್ತರ ಕಿಟಕಿಯ ಕಟ್ಟೆಯ ಮೇಲಿರುತ್ತದೆ. ಅರ್ಧಂಬರ್ಧ ಕೆಲಸ ಮೇಷ್ಟ್ರ ಜಾಯಮಾನವಲ್ಲ. ಫ್ಲಾಸ್ಕಿನೊಳಗೆ ನಾಲ್ಕು ಮುಚ್ಚಳ ರಮ್ ಸುರಿದರು. ಚಮಚದಲ್ಲಿ ರುಚಿ ನೋಡಿದರು, ಕಹಿ. ಸಕ್ಕರೆ ಹಾಕಿ ಮತ್ತೆ ನೋಡಿದರು. ಈಗ ಸರಿಯಾಯಿತು. ಮುಚ್ಚಳ ತಿರುಗಿಸಿ, ಕಟ್ಟೆಯನ್ನೂ ಒರೆಸಿದರು.

ಹತ್ತಕ್ಕೆ ಸರಿಯಾಗಿ ಫ್ಲಾಸ್ಕ್ ಅಣ್ಣ ಒಂದು ಗುಟುಕು ಹೀರಿ ಕಣ್ಣರಳಿಸಿದ. "ಆಹಾ! ನಿಮ್ಮತ್ತಿಗೆ ಇವತ್ತು ಕಾಫಿಗೆ ಏನೋ ಹಾಕಿದಾಳೆ ಮೇಷ್ಟ್ರೇ!"

ಮೇಷ್ಟ್ರು ಆಗಲೇ ಫೋನ್ ಎತ್ತಿದ್ದರು. ಎದುರು ಕೋಣೆಯಿಂದ ಸುರಕ್ಷತಾ ಅಧಿಕಾರಿ ಯಂತ್ರ ಹಿಡಿದು ಬಂದರು. ಹಮಾಲರೆಲ್ಲ ಸುತ್ತ ನೆರೆದರು.

"ದೂರು ಕೊಟ್ಟೋರು ಯಾರು?"

"ನಾನೇ ಮೇಡಂ. ನನ್ನ ನಿಯಮ, ನಾನೇ ಮೊದಲು ಊದ್ತೀನಿ," ಎಂದು ಮೇಷ್ಟ್ರು ಎದೆಯುಬ್ಬಿಸಿ ಊದಿದರು.

ಯಂತ್ರ ಕೀ ಎಂದು ಕಿರುಚಿತು. ಕೆಂಪು ದೀಪ. ಮೇಷ್ಟ್ರ ನಾಲಿಗೆಯ ಮೇಲೆ ಆ ಎರಡು ಚಮಚದ ಸಿಹಿ ಇನ್ನೂ ಆರಿರಲಿಲ್ಲ. ಅಧಿಕಾರಿ ಗೋಡೆಯ ಕಡೆ ತಿರುಗಿ ನಾಲ್ಕನೇ ನಿಯಮವನ್ನು ಗಟ್ಟಿಯಾಗಿ ಓದತೊಡಗಿದರು. ಫ್ಲಾಸ್ಕ್ ಅಣ್ಣನಿಗೆ ನಿಜಕ್ಕೂ ಕರುಳು ಚುರ್ರೆಂದಿತು. "ಬಿಡಿ ಮೇಡಂ, ಮನೇಲಿ ಏನು ಕಷ್ಟ ಇದೆಯೋ ಏನೋ," ಎನ್ನುತ್ತ ಫ್ಲಾಸ್ಕಿನಿಂದ ಲೋಟದ ತುಂಬ ಬಗ್ಗಿಸಿ, ಎಲ್ಲರೂ ನೋಡುತ್ತಿರುವಂತೆ ಮೇಷ್ಟ್ರ ಕೈಗಿಟ್ಟ. "ಬಿಸಿಬಿಸಿ ಕುಡೀರಿ ಮೇಷ್ಟ್ರೇ, ಅಮಲು ಇಳಿದುಹೋಗುತ್ತೆ."