ಹಲ್ಲಿನ ಡಾಕ್ಟರು ಮುಚ್ಚಿದ ಸಂದು

"ಇದನ್ನ ಮುಚ್ಚಿದ್ದು ಯಾರು?"

ಏಣಿಯ ಮೇಲಿಂದಲೇ ಅವಳು ಗುಡುಗಿದಳು. ಕೈಯಲ್ಲಿ ಕಿಟಕಿಯ ಮೇಲಿನಿಂದ ಕಿತ್ತ ಮರದ ಪಟ್ಟಿ. ಕೆಳಗೆ, ಬಿರುಕು ಬಿಟ್ಟ ಗಾಜಿನ ಪಕ್ಕ, ಮನೆಯ ಯಜಮಾನನಾದ ಹಲ್ಲಿನ ಡಾಕ್ಟರ್ ನಿಂತಿದ್ದ.

"ನಾನೇ..."

"ನೀವಾ?!"

ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಕೂರಿಸಿ ಮನೆ ಕಟ್ಟುವುದು ಅವಳ ಕಸುಬು. ತನ್ನ ಅಣ್ಣನ ಟಿಂಬರ್ ಡಿಪೋ ಬಿಟ್ಟು ಬಂದು, ಸಿಮೆಂಟು ಗೋಡೆಗಳ ನಡುವೆ ಬದುಕಿ ಸಾಕಾಗಿದೆ ಎಂದು ಬಂದ ಈ ಡಾಕ್ಟರಿಗಾಗಿ ಅವಳು ಸ್ವಂತವಾಗಿ ಕಟ್ಟಿದ ಮೊದಲ ಮನೆ ಇದು. 'ನಿನ್ನ ಕೈಲಾಗಲ್ಲ, ವಾಪಸ್ ಬರ್ತೀಯ ನೋಡು' ಎಂದಿದ್ದ ಅಣ್ಣ.

ಇಂಥದೇ ಮನೆ ಕಟ್ಟಿಸಬೇಕೆಂದಿದ್ದ ಗಂಡ-ಹೆಂಡತಿ ಇಬ್ಬರು ನಾಳೆ ಬಂದು ಇದನ್ನು ನೋಡುವವರಿದ್ದರು. ಮೆಚ್ಚಿದರೆ ಅವಳಿಗೆ ಕಟ್ಟಲು ಎರಡನೇ ಮನೆ. ಮೆಚ್ಚದಿದ್ದರೆ ಅಣ್ಣನ ಮುಂದೆ ತಲೆ ತಗ್ಗಿಸುವುದೇ ಗತಿ. ಇವತ್ತು ನೋಡಿದರೆ ಮುಂಬಾಗಿಲು ತೆರೆಯುತ್ತಿಲ್ಲ, ಗಾಜು ಬಿರುಕು ಬಿಟ್ಟಿದೆ!

"ದಿಮ್ಮಿ ಒಣಗ್ತಾ ಕುಗ್ಗುತ್ತೆ, ಗೋಡೆನೇ ಕೆಳಗಿಳಿಯುತ್ತೆ. ಅದಕ್ಕೇ ಕಿಟಕಿ, ಬಾಗಿಲ ಮೇಲೆ ಜಾಗ ಬಿಟ್ಟು ಬರೀ ಮೆತ್ತನೆ ಉಣ್ಣೆ ತುಂಬಿದ್ದು! ನೀವು ಅದನ್ನ ತೆಗೆದು ಮರ ಬಡಿದಿದ್ದೀರಾ. ಈಗ ಭಾರವೆಲ್ಲಾ ಗಾಜಿನ ಮೇಲೆ! ಸಂದು ಕಂಡ ಕೂಡ್ಲೇ ತುಂಬ್ಸೋಕೆ ಇದೇನು ಹಲ್ಲಾ, ಡಾಕ್ಟ್ರೇ? ನನ್ನನ್ನ ಒಂದು ಮಾತು ಕೇಳೋಕಾಗಲಿಲ್ವಾ?"

"ನೀವು ಅಳತೆ ತಪ್ಪಿದ್ದೀರಿ ಅಂದ್ಕೊಂಡೆ, ಮೇಸ್ತ್ರಿ." ಅವಳನ್ನು ಅವನು ಕರೆಯುತ್ತಿದ್ದುದೇ ಹಾಗೆ. "ಕೇಳಿದ್ರೆ ನೊಂದ್ಕೋತೀರಿ. ನಿಮ್ಮಣ್ಣಂಗೆ ಗೊತ್ತಾದ್ರೆ ಆಡ್ಕೋತಾರೆ... ಅದಕ್ಕೇ ಯಾರಿಗೂ ಗೊತ್ತಾಗದ ಹಾಗೆ..."

ಅವಳ ಮೈಯೆಲ್ಲ ಉರಿದುಹೋಯಿತು. ಮೂಗಿನ ತುದಿಯಲ್ಲೇ ಸಿಟ್ಟಿರುವ ಹುಡುಗಿ ನಿಜ, ಆದರೆ ಇದು ಆ ಸಿಟ್ಟಲ್ಲ. ಕೆಲಸದ ನಡುವೆ ಅವನ ಪಕ್ಕ ಕೂತು ಟೀ ಕುಡಿಯುವಾಗೆಲ್ಲ, 'ಇವನೊಬ್ಬನಾದರೂ ನನ್ನನ್ನು ನಂಬುತ್ತಾನೆ' ಎಂದುಕೊಂಡಿದ್ದಳಲ್ಲ!

"ನನ್ನ ಕೈಲಾಗಲ್ಲ ಅಂತ ಅಣ್ಣ ಮುಖದ ಮೇಲೇ ಅಂದ. ನೀವು ಮನಸ್ಸಲ್ಲೇ ಅಂದ್ಕೊಂಡ್ರಿ. ಅಣ್ಣನೇ ವಾಸಿ!"

ಅವನ ಮುಖ ಸಪ್ಪಗಾಯಿತು.

"ಕೀ ಕೊಟ್ಟ ದಿನ ಎಲ್ಲಾ ಬಿಡಿಸಿ ಹೇಳಿದ್ನಲ್ಲ! ಕಿವಿ ಎಲ್ಲಿಟ್ಟಿದ್ರಿ?"

"ಹೇಳಿದ್ರಿ... ನಂಗೊಂದೂ ತಲೆಗೆ ಹೋಗಲಿಲ್ಲ. ಕೆಲಸ ಮುಗೀತು, ನಾಳೆಯಿಂದ ನೀವು ಬರಲ್ಲ ಅನ್ನೋದೊಂದೇ ಓಡ್ತಿತ್ತು."

ಹಾಳಾದವನು! ಜಗಳದ ಮಧ್ಯೆ ಹೀಗೆಲ್ಲ ಹೇಳಿದರೆ ಬೈಯುವುದಾದರೂ ಹೇಗೆ?

ಆದರೂ ಬೈದಳು. ಬೈಯುತ್ತಲೇ ಅವನ ಕೈಗೊಂದು ಉಳಿ ಕೊಟ್ಟಳು. ಇಬ್ಬರೂ ಸೇರಿ ಬಡಿದ ಮರವನ್ನೆಲ್ಲ ಕೆತ್ತಿ ತೆಗೆದರು. ಸಂಜೆಯ ಹೊತ್ತಿಗೆ ಬಾಗಿಲು ಸಲೀಸಾಗಿ ತೆರೆಯಿತು. ಗಾಜಿನ ಬಿರುಕು ಮಾತ್ರ ಹಾಗೇ ಉಳಿಯಿತು.

"ನಾಳೆ ಬರೋರಿಗೆ ತಪ್ಪು ನಂದೇ ಅಂತ ಹೇಳ್ತೀನಿ. ನಿಮ್ಮಣ್ಣನ ಮುಂದೂ ಹೇಳ್ತೀನಿ."

"ಹೇಳಲೇಬೇಕು! ಇನ್ಮೇಲೆ ನನ್ನ ಮೇಲೆ ಅನುಮಾನ ಬಂದ್ರೆ?"

"ನಿಮ್ಮನ್ನೇ ಕೇಳ್ತೀನಿ."

"ನಾನು ಕೂಗಾಡಿದ್ರೆ?"

"ಬೈಸ್ಕೊಂಡೇ ಕೇಳ್ತೀನಿ."

"ಹಾಗಾದ್ರೆ ಮನಸ್ಸಲ್ಲಿರೋದನ್ನ ಈಗ್ಲೇ ಕೇಳಿ!"

ಅವನು ಉಳಿ ಕೆಳಗಿಟ್ಟ. "ನನ್ನ ಮದ್ವೆ ಆಗ್ತೀರಾ?"

"ಇಷ್ಟು ದಿನ ಯಾಕ್ರೀ ಕೇಳಲಿಲ್ಲ?!" ಅವಳು ಕಿರುಚಿದಳು. ಕಣ್ಣ ತುಂಬ ನೀರು. "ಆಗ್ತೀನಿ! ಆಗದೆ ಇನ್ನೇನು!"

"ಇದು... ಬೈಗುಳಾನಾ, ಒಪ್ಪಿಗೇನಾ?"

"ಎರಡೂ!" ಎಂದವಳೇ ಅವನ ಎದೆಗೆ ಮುಖ ಒತ್ತಿದಳು.