ಎಂಟನೇ ಬಾಗಿಲು

"ಮೌನಿ, ಈ ಗೇಮನ್ನೂ ಓಡಿಸಿಕೊಡೋ," ಎಂದು ಕಸೂತಿ ಅಂಗಡಿಯವಳು ಪರದೆಯ ಮೇಲೆ ಬೆರಳಿಟ್ಟಾಗ ಕಂಪ್ಯೂಟರ್ ರಿಪೇರಿಯವನ ಜೀವ ಬಾಯಿಗೆ ಬಂತು.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಅವಳ ಹಳೆಯ ಕಂಪ್ಯೂಟರ್ ಕೈಕೊಟ್ಟಿತ್ತು. ಅದರ ಹಾರ್ಡ್‌ಡಿಸ್ಕನ್ನೂ ಹೊಸ ಲ್ಯಾಪ್‌ಟಾಪನ್ನೂ ತಂದು ಇವನ ಮೇಜಿನ ಮೇಲಿಟ್ಟಿದ್ದಳು. ಡಿಸೈನ್ ಬಿಡಿಸುವ ಅವಳ ಸಾಫ್ಟ್‌ವೇರ್ ಹೊಸದರಲ್ಲಿ ತಿಪ್ಪರಲಾಗ ಹಾಕಿದರೂ ತೆರೆಯುತ್ತಿರಲಿಲ್ಲ. ಮೂರು ದಿನ ಹೆಣಗಿ ಇವನು ಅದನ್ನು ಎಮ್ಯುಲೇಟರ್ ಒಳಗೆ ಓಡಿಸಿದ್ದ.

"ಇದೇನು ಇಷ್ಟು ನಿಧಾನ?"

"ಇದರ ಪ್ರೊಸೆಸರ್ ಬೇರೆ ಥರದ್ದು. ಹಳೇ ಸಾಫ್ಟ್‌ವೇರ್ ಹೇಳೋದು ಇದಕ್ಕೆ ಅರ್ಥ ಆಗಲ್ಲ. ಎಮ್ಯುಲೇಟರ್ ನಡುವೆ ಕೂತು ಒಂದೊಂದೇ ಮಾತನ್ನ ಬಿಡಿಸಿ ಹೇಳುತ್ತೆ."

"ನಿನಗೂ ಅಂಥದ್ದೊಂದು ಬೇಕಿತ್ತು ನೋಡು," ಎಂದು ಅವಳು ಕಣ್ಣಂಚಿನಲ್ಲಿ ನಕ್ಕಳು. "ಮನಸ್ಸಲ್ಲಿರೋದನ್ನ ಬಿಡಿಸಿ ಹೇಳೋಕೆ."

ಕಂಪ್ಯೂಟರ್ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದಾಗ ಇವನಿಗೆ ಮೌನಿ ಎಂದು ಹೆಸರಿಟ್ಟವಳೂ ಅವಳೇ. ಈಗ ಭಾನುವಾರ ಅಂಗಡಿ ಖಾಲಿ ಮಾಡಿ ಅಕ್ಕನ ಊರಿಗೆ ಹೊರಟಿದ್ದಾಳೆ. ಹೋದರೆ ಹೋದಂತೆಯೇ. ಇವತ್ತು ಶುಕ್ರವಾರ.

ಆ ಗೇಮ್ ಬರೆದವನು ಇವನೇ. ಒಂಬತ್ತು ವರ್ಷದ ಹಿಂದೆ ಅವಳ ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಎಂಟು ಬಾಗಿಲು ದಾಟಬೇಕು. ಎಂಟನೆಯದರ ಹಿಂದೆ, ಬಾಯಲ್ಲಿ ಹೇಳಲಾಗದ್ದನ್ನು ಬರೆದಿಟ್ಟಿದ್ದ. ವಾರ ಕಾದ, ತಿಂಗಳು ಕಾದ. ಅವಳು ಚಕಾರವೆತ್ತಲಿಲ್ಲ. ಓದಿ, ಇಷ್ಟವಾಗದೆ, ನೋಯಿಸಬಾರದೆಂದು ಸುಮ್ಮನಿದ್ದಾಳೆ ಎಂದುಕೊಂಡು ಇವನೂ ಬಾಯಿಗೆ ಬೀಗ ಹಾಕಿದ್ದ. ಈಗ ಹೋಗುವ ಹೊತ್ತಿಗೆ ಅದನ್ನೇ ಕೆದಕುತ್ತಿದ್ದಾಳಲ್ಲ!

"ಅದು... ಓಡಲ್ಲ ಅನ್ಸುತ್ತೆ."

"ನೋಡದೇನೇ? ಎಂಟನೇ ಬಾಗಿಲ ಹಿಂದೆ ಏನಿದೆ ಅಂತ ಗೊತ್ತಾಗದೆ ನಾನು ಊರು ಬಿಡಲ್ಲಪ್ಪ."

"ನೀನು... ಅದನ್ನ ನೋಡೇ ಇಲ್ವಾ?"

"ಎಲ್ಲಿ ನೋಡೋದು? ಹತ್ತಿರ ಹೋಗೋಷ್ಟರಲ್ಲಿ ಧಡ್ ಅಂತ ಮುಚ್ಕೊಳ್ಳುತ್ತೆ. ನೂರು ಸಲ ಆಡಿದ್ದೀನಿ. ನನ್ನ ಗೋಳು ಹೊಯ್ಕೊಳ್ಳೋಕೇ ಹಾಗೆ ಮಾಡಿದ್ದೀಯ ಅಂತ ಸಿಟ್ಟು ಬಂದು ಕೇಳಲೇ ಇಲ್ಲ."

ಇವನಿಗೆ ನಿಂತ ನೆಲ ಕುಸಿದಂತಾಯಿತು. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಎಂಟನೆಯದೊಂದೇ, ಅದು ಎಷ್ಟು ಹೊತ್ತು ತೆರೆದಿರಬೇಕೆಂದು ಇವನು ಸೆಕೆಂಡಿನಲ್ಲಿ ಬರೆದಿರಲಿಲ್ಲ. ಪ್ರೊಸೆಸರ್ ಒಂದು ಕೋಟಿ ಎಣಿಸಿದ ಕೂಡಲೇ ಮುಚ್ಚಲಿ ಎಂದು ಬರೆದಿದ್ದ. ಗುಜರಿಯಿಂದ ತಂದ ತನ್ನ ಮುದಿ ಕಂಪ್ಯೂಟರ್ ಅಷ್ಟು ಎಣಿಸಲು ಹತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅವಳದು ಚುರುಕಿನದು, ಕಣ್ಣು ಮಿಟುಕಿಸುವಷ್ಟರಲ್ಲಿ ಎಣಿಸಿ ಮುಗಿಸುತ್ತಿತ್ತು. ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ಆಡಿ ನೋಡುವ ಬುದ್ಧಿ ಈ ದಡ್ಡ ಶಿಖಾಮಣಿಗೆ ಹೊಳೆದಿರಲಿಲ್ಲ!

ಎಮ್ಯುಲೇಟರಿನಲ್ಲಿ ವೇಗ ಬದಲಿಸುವ ಸೆಟ್ಟಿಂಗ್ ಇತ್ತು. ಏರಿಸಿದರೆ ಬಾಗಿಲು ಮತ್ತೆ ಧಡ್. ಇವನ ಮಾನ ಉಳಿಯುತ್ತದೆ, ಭಾನುವಾರ ಅವಳು ನಗುತ್ತಲೇ ಹೋಗುತ್ತಾಳೆ. ಓದಿ ಬೇಡ ಎಂದುಬಿಟ್ಟರೆ? ಓದದೆಯೇ ಹೊರಟುಹೋದರೆ? ವೇಗವನ್ನು ಪೂರ್ತಿ ಇಳಿಸಿ, ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ.

ಅವಳು ನಾಲಗೆಯ ತುದಿ ಕಚ್ಚಿಕೊಂಡು ಆಡಿದಳು. ಏಳು ಬಾಗಿಲು ದಾಟಿದಳು. ಎಂಟನೆಯದು ತೆರೆಯಿತು, ತೆರೆದೇ ಇತ್ತು. ಅವಳು ನಂಬಲಾರದೆ ಇವನ ಮುಖ ನೋಡಿದಳು.

"ಹೋಗು. ಮುಚ್ಚಲ್ಲ," ಎಂದ.

ಅವಳು ಒಳಗೆ ಹೋದಳು. ಪರದೆಯ ಮೇಲೆ ಅಕ್ಷರ ಮೂಡಿತು: 'ನೀನಂದ್ರೆ ನಂಗೆ ತುಂಬಾ ಇಷ್ಟ. ಜೊತೆಗಿರ್ತೀಯಾ?' ಕೆಳಗೆ ಎರಡು ಬಟನ್, ಹೌದು ಮತ್ತು ಇಲ್ಲ.

ಅವಳ ನಗು ನಿಂತಿತು, ಕಿವಿ ಕೆಂಪಾಯಿತು. ಇವನು ಕಣ್ಣು ಮುಚ್ಚಿಕೊಂಡ. ಕ್ಲಿಕ್ ಸದ್ದು ಕೇಳಿ ಕಣ್ಣು ಬಿಟ್ಟರೆ ಪರದೆ ಖಾಲಿ, ನಡುವೆ ಮರಳು ಗಡಿಯಾರ ತಿರುಗುತ್ತಿದೆ. ಅಷ್ಟು ವೇಗ ಇಳಿಸಿದ್ದು ಇವನೇ ತಾನೆ, ಅನುಭವಿಸಲಿ.

"ಯಾವುದು ಒತ್ತಿದೆ?"

"ಅದೇ ಹೇಳುತ್ತಲ್ಲ, ತಾಳು."

"ನನ್ನ ಜೀವ ಹೋಗ್ತಿದೆ ಕಣೇ!"

"ಒಂಬತ್ತು ವರ್ಷ ನನ್ನನ್ನ ಬಾಗಿಲ ಹೊರಗೆ ನಿಲ್ಲಿಸಿದ್ದೆ. ಒಂದು ನಿಮಿಷ ನೀನೂ ನಿಲ್ಲು," ಎಂದು ಅವಳು ಫೋನ್ ತೆಗೆದು ಕಿವಿಗಿಟ್ಟುಕೊಂಡಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ಅಕ್ಕಾ, ಭಾನುವಾರ ನಾನು ಬರ್ತಿಲ್ಲ. ಇನ್ಮೇಲೂ ಇಲ್ಲೇ ಇರ್ತೀನಿ. ಅಯ್ಯೋ, ಏನೂ ಆಗಿಲ್ಲ ಕಣೇ, ಮೌನಿ ಬಾಯಿ ಬಿಟ್ಟ."

ಮರಳು ಗಡಿಯಾರ ಇನ್ನೂ ತಿರುಗುತ್ತಲೇ ಇತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.